ಪ್ರೀತಿ ಎಂದರೇನು? ಹರಿಹರದ ಗರ್ಭಗುಡಿಯಲ್ಲೊಂದು ಉತ್ತರ

ಮದುವೆಯ ಕಾಲ ಬಂತೆಂದರೆ ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ ಸುತ್ತಿನ ಜವಳಿ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ, ರಾಣೆಬೆನ್ನೂರು ಕಡೆಯಿಂದ ಟೆಂಪೊ ಮಾಡಿಕೊಂಡು ಎರಡೂ ಮನೆಯವರು ಬೆಳಿಗ್ಗೆಯೇ ಬಂದಿಳಿಯುತ್ತಾರೆ. ಜವಳಿ ತೆಗೆದರೆ ಅರ್ಧ ಮದುವೆ ಮುಗಿದ ಹಾಗೆ ಎಂಬುದು ನಮ್ಮ ಸೀಮೆಯವರ ಲೆಕ್ಕ. ಬಿಳಿ ಹಾಸಿನ ಗಾದಿಯ ಮೇಲೆ ಹೆಣ್ಣಿನ ಕಡೆಯವರದು ಒಂದು ಸಾಲು, ಗಂಡಿನ ಕಡೆಯವರದು ಒಂದು ಸಾಲು. ಅಂಗಡಿ ಹುಡುಗ ಸೀರೆಯ ಮೇಲೆ ಸೀರೆ ಬಿಚ್ಚಿ ಹರವುತ್ತಾನೆ. ಧಾರೆ ಸೀರೆ ಯಾರ ಲೆಕ್ಕ, ಬೀಗಿತ್ತಿಗೆ ಎಷ್ಟರದ್ದು, ಸೋದರತ್ತೆಗೆ ಕಡಿಮೆ ಬೆಲೆಯದ್ದು ಕೊಟ್ಟರೆ ಮಾತು ಬಂದೀತೇ ಎಂಬ ಚರ್ಚೆ ಮಧ್ಯಾಹ್ನ ದಾಟುತ್ತದೆ.

ಆ ಗದ್ದಲದ ಅಂಚಿನಲ್ಲಿ ಮದುವೆಯಾಗುವ ಇಬ್ಬರೂ ಕೂತಿರುತ್ತಾರೆ. ಹುಡುಗಿಯ ಹೆಗಲ ಮೇಲೆ ಯಾರೋ ಸೆರಗು ಹಾಕಿ, "ಬಣ್ಣ ಒಪ್ಪುತ್ತೆ ನೋಡ್ರಿ" ಅನ್ನುತ್ತಾರೆ. ಹುಡುಗ ಒಮ್ಮೆ ಕಣ್ಣೆತ್ತಿ ನೋಡಿ ಮತ್ತೆ ಮೊಬೈಲಿನೊಳಗೆ ಇಳಿಯುತ್ತಾನೆ. ಇವರಿಬ್ಬರ ನಡುವೆ ಏನಿದೆ, ಮುಂದೆ ಏನು ಹುಟ್ಟಬೇಕು ಎಂಬುದೊಂದನ್ನು ಬಿಟ್ಟು ಉಳಿದೆಲ್ಲದರ ಲೆಕ್ಕವೂ ಅಲ್ಲಿ ಆಗುತ್ತದೆ.

ಲೆಕ್ಕಕ್ಕೆ ಸಿಗದ ಆ ಒಂದರ ಹೆಸರು ಪ್ರೀತಿ. ಸಿನಿಮಾ ಹಾಡಿನಲ್ಲಿ, ಲಗ್ನಪತ್ರಿಕೆಯಲ್ಲಿ, ಪೊಲೀಸ್ ಠಾಣೆಯ ದೂರಿನಲ್ಲಿ, ಮಠದ ಪ್ರವಚನದಲ್ಲಿ ಎಲ್ಲ ಕಡೆಯೂ ಈ ಮಾತು ಓಡಾಡುತ್ತದೆ. ಹಾಗೆಂದರೇನು ಎಂದು ಯಾರಾದರೂ ನಿಲ್ಲಿಸಿ ಕೇಳಿದರೆ ಮಾತ್ರ ನಾವು ತಡವರಿಸುತ್ತೇವೆ. ಎರಡೂವರೆ ಸಾವಿರ ವರ್ಷಗಳಿಂದ ತತ್ತ್ವಜ್ಞರು ತಡವರಿಸಿದ್ದಾರೆ. ಕವಿಗಳು ಮಾತ್ರ ತಡವರಿಸದೆ ಕಥೆ ಹೇಳಿದ್ದಾರೆ. ಆ ಕಥೆಗಳಲ್ಲಿ ಕೆಲವನ್ನು ಹತ್ತಿರದಿಂದ ನೋಡಿದರೆ ಒಂದು ಉತ್ತರ ಸಿಗುತ್ತದೆ ಎಂಬುದು ನನ್ನ ನಂಬಿಕೆ. ಅದಕ್ಕೆ ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರದವರೆಗೂ ಹೋಗಬೇಕು. ಅದಕ್ಕೂ ಮೊದಲು ಗ್ರೀಸಿಗೆ.

ಸೀಳಿಹೋದ ಮನುಷ್ಯ

ಪ್ಲೇಟೊ ಕ್ರಿ.ಪೂ. 4ನೇ ಶತಮಾನದಲ್ಲಿ ಬರೆದ 'ಸಿಂಪೋಸಿಯಂ' ಒಂದು ಔತಣಕೂಟದ ಸಂವಾದ. ಉಂಡು ಮುಗಿಸಿದ ಗೆಳೆಯರು ಪ್ರೀತಿಯನ್ನು ಕುರಿತು ಒಬ್ಬೊಬ್ಬರಾಗಿ ಮಾತಾಡುತ್ತಾರೆ. ನಾಟಕಕಾರ ಅರಿಸ್ಟೊಫನೀಸನ ಸರದಿ ಬಂದಾಗ ಅವನು ಒಂದು ಕಥೆ ಹೇಳುತ್ತಾನೆ. ಮೊದಲು ಮನುಷ್ಯರಿಗೆ ನಾಲ್ಕು ಕೈ, ನಾಲ್ಕು ಕಾಲು, ಎರಡು ಮುಖ ಇದ್ದವಂತೆ. ಅವರ ಸೊಕ್ಕು ಹೆಚ್ಚಿ ದೇವತೆಗಳ ಮೇಲೇ ಏರಿಹೋದಾಗ ಸ್ಯೂಸ್ ದೇವ ಒಬ್ಬೊಬ್ಬರನ್ನೂ ಎರಡಾಗಿ ಸೀಳಿದ. ಅಂದಿನಿಂದ ಪ್ರತಿ ಅರ್ಧವೂ ತನ್ನ ಇನ್ನೊಂದು ಅರ್ಧವನ್ನು ಹುಡುಕುತ್ತ ಅಲೆಯುತ್ತಿದೆ. ಆ ಹುಡುಕಾಟವೇ ಪ್ರೀತಿ.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಅಪ್ಪಿ ಮಲಗಿದ ಪ್ರೇಮಿಗಳ ಬಳಿಗೆ ದೇವಲೋಕದ ಕಮ್ಮಾರ ತನ್ನ ಸಲಕರಣೆ ಹಿಡಿದು ಬಂದು, ನಿಮ್ಮಿಬ್ಬರನ್ನೂ ಬೆಸೆದು ಒಂದೇ ಮೈ ಮಾಡಿಬಿಡಲೇ ಎಂದು ಕೇಳಿದರೆ ಬೇಡವೆನ್ನುವವರು ಯಾರೂ ಇರಲಾರರು ಎನ್ನುತ್ತಾನೆ ಅರಿಸ್ಟೊಫನೀಸ್. ನಮ್ಮ ಸಿನಿಮಾಗಳು ಇಂದಿಗೂ ಈ ಕಮ್ಮಾರನನ್ನೇ ನಂಬಿಕೊಂಡಿವೆ. ಎರಡು ಜೀವ ಒಂದಾಗಬೇಕು, ನೀನಿಲ್ಲದೆ ನಾನಿಲ್ಲ, ಇದೇ ಅವುಗಳ ಪಲ್ಲವಿ. ಕೇಳಲು ಇಂಪಾಗಿದೆ. ಆದರೆ ಒಂದಾದ ಮೇಲೆ ಉಳಿಯುವುದು ಯಾರು? ಬಹುಪಾಲು ಮನೆಗಳಲ್ಲಿ ಉಳಿದವನು ಗಂಡ, ಕರಗಿದವಳು ಹೆಂಡತಿ.

ಗೆರೆ ಅಳಿಸದ ಮೂರ್ತಿ

ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಹರಿದ್ರಾ ಹಳ್ಳ ತುಂಗಭದ್ರೆಗೆ ಸೇರುವ ಜಾಗವಾದ್ದರಿಂದ ಊರಿಗೆ ಹಿಂದೆ ಕೂಡಲೂರು ಎಂಬ ಹೆಸರಿತ್ತು. ಗುಹಾಸುರನೆಂಬ ರಕ್ಕಸ ಹರಿಯಿಂದಲೂ ಹರನಿಂದಲೂ ತನಗೆ ಸಾವು ಬರಬಾರದೆಂದು ಬ್ರಹ್ಮನಿಂದ ವರ ಪಡೆದ. ಅವನನ್ನು ಕೊಲ್ಲಲು ಇಬ್ಬರೂ ಒಂದೇ ರೂಪ ತಾಳಿ ಬಂದರು ಎನ್ನುತ್ತದೆ ಸ್ಥಳಪುರಾಣ.

ಗರ್ಭಗುಡಿಯ ಮೂರ್ತಿಯ ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಅಲಂಕಾರ ತೆಗೆದಾಗ ನೋಡುವ ಭಾಗ್ಯ ಸಿಕ್ಕರೆ ಗಮನಿಸಬೇಕಾದ ಸಂಗತಿ ಒಂದಿದೆ. ಶಿಲ್ಪಿ ಇಬ್ಬರನ್ನೂ ಕಲಸಿ ಮೂರನೆಯ ಒಬ್ಬ ದೇವರನ್ನು ಮಾಡಿಲ್ಲ. ಒಂದು ಪಕ್ಕದಲ್ಲಿ ಶಿವನ ಲಾಂಛನ, ಇನ್ನೊಂದು ಪಕ್ಕದಲ್ಲಿ ವಿಷ್ಣುವಿನ ಲಾಂಛನ. ಯಾರ ಆಯುಧ ಅವರ ಕೈಯಲ್ಲಿ. ಒಂದೇ ಪೀಠದ ಮೇಲೆ, ಒಂದೇ ಮೈಯಲ್ಲಿ ನಿಂತರೂ ಇವನು ಅವನಾಗಿಲ್ಲ, ಅವನು ಇವನಾಗಿಲ್ಲ. ಶೈವ ವೈಷ್ಣವರ ಜಗಳದ ಕಾಲದಲ್ಲಿ ಈ ಮೂರ್ತಿ ಸೌಹಾರ್ದದ ಮಾತಾಗಿತ್ತು ಎಂದು ಇತಿಹಾಸದ ಪಾಠ ಹೇಳುತ್ತದೆ. ನನಗೆ ಅದರಲ್ಲಿ ಪ್ರೀತಿಯ ಲಕ್ಷಣವೂ ಕಾಣುತ್ತದೆ. ಗ್ರೀಕ್ ಕಮ್ಮಾರ ಮಾಡಲು ಹೊರಟದ್ದಕ್ಕೆ ಇದು ನೇರ ವಿರುದ್ಧ.

ಇಂಗ್ಲಿಷ್ ಕಾದಂಬರಿಕಾರ್ತಿ, ತತ್ತ್ವಜ್ಞೆ ಐರಿಸ್ ಮರ್ಡೊಕ್ 1959ರ ಪ್ರಬಂಧವೊಂದರಲ್ಲಿ ಇದರ ಹತ್ತಿರದ ಮಾತನ್ನೇ ಹೇಳಿದರು. ತನ್ನನ್ನು ಬಿಟ್ಟು ಇನ್ನೊಂದು ಜೀವವೂ ತನ್ನಷ್ಟೇ ನಿಜ ಎಂದು ಅರಿಯುವುದು ಬಲು ಕಷ್ಟ. ಆ ಕಷ್ಟದ ಅರಿವೇ ಪ್ರೀತಿ ಎಂಬುದು ಅವರ ನಿಲುವು. ಹರಿಹರದ ಶಿಲ್ಪಿಗೆ ಇದು ಏಳು ಶತಮಾನಗಳ ಮೊದಲೇ ಕೈಗೆ ಹತ್ತಿತ್ತು.

ಪ್ರೀತಿಯಲ್ಲಿ ಇರಕೂಡದ ಮೂರು

ನಮ್ಮ ಕಾವ್ಯಮೀಮಾಂಸಕರು ಪ್ರೀತಿಗೆ ಒಂದು ಸಾಲಿನ ವ್ಯಾಖ್ಯೆ ಕೊಡುವ ಗೊಡವೆಗೆ ಹೋಗಲಿಲ್ಲ. ಭರತನ ನಾಟ್ಯಶಾಸ್ತ್ರ ಎಂಟು ರಸಗಳಲ್ಲಿ ಶೃಂಗಾರವನ್ನು ಮೊದಲು ಇಟ್ಟು, ಅದು ಯಾವುದರಿಂದ ಹುಟ್ಟುತ್ತದೆ, ಯಾವ ಚಿಹ್ನೆಗಳಿಂದ ಹೊರಗೆ ತೋರುತ್ತದೆ, ಯಾವ ಯಾವ ಭಾವಗಳು ಅದರ ಜೊತೆ ಬಂದು ಹೋಗುತ್ತವೆ ಎಂದು ಬಿಡಿಸಿಡುತ್ತದೆ. ಬಂದುಹೋಗುವ ಭಾವಗಳು ಒಟ್ಟು 33. ಚಿಂತೆ, ಅಸೂಯೆ, ನಾಚಿಕೆ, ಉನ್ಮಾದ ಎಲ್ಲಕ್ಕೂ ಶೃಂಗಾರದ ಮನೆಯಲ್ಲಿ ಪ್ರವೇಶವಿದೆ. ಮೂರಕ್ಕೆ ಮಾತ್ರ ಬಾಗಿಲು ಮುಚ್ಚಿದೆ: ಆಲಸ್ಯ, ಉಗ್ರತೆ, ಜುಗುಪ್ಸೆ.

ಈ ಮೂರನ್ನು ಓದಿದಾಗಲೆಲ್ಲ ಭರತನ ಸೂಕ್ಷ್ಮಕ್ಕೆ ಮನಸ್ಸು ತುಂಬಿ ಬರುತ್ತದೆ. ಅಸೂಯೆ ಇರಬಹುದು, ಸೋಮಾರಿತನ ಇರಕೂಡದು. ಹುಚ್ಚು ಇರಬಹುದು, ಕ್ರೌರ್ಯ ಇರಕೂಡದು. ಒಲ್ಲೆ ಎಂದ ಹುಡುಗಿಯ ಬೆನ್ನು ಹತ್ತುವವನನ್ನು, ಆಸಿಡ್ ಎರಚಿದವನನ್ನು, ಚಾಕು ಹಿಡಿದವನನ್ನು ನಾವು ಈಗಲೂ 'ಭಗ್ನಪ್ರೇಮಿ' ಎಂದು ಕರೆಯುತ್ತೇವೆ. ಪತ್ರಿಕೆಯ ತಲೆಬರಹದಲ್ಲಿ ಆ ಪದ ಕಂಡರೆ ನನಗೆ ಸಿಟ್ಟು ಬರುತ್ತದೆ. ಭರತನ ಲೆಕ್ಕದಲ್ಲಿ ಅಂಥವನು ಪ್ರೇಮಿಯೇ ಅಲ್ಲ.

ಇದನ್ನು ಕಥೆಯಾಗಿ ಕಂಡವನು ಜನ್ನ. ಹೊಯ್ಸಳರ ಆಸ್ಥಾನದ ಈ ಕವಿ 1209ರಲ್ಲಿ 'ಯಶೋಧರ ಚರಿತೆ'ಯನ್ನೂ, ಹರಿಹರದ ಗುಡಿ ಎದ್ದ ಅದೇ ನರಸಿಂಹನ ಕಾಲದಲ್ಲಿ, 1230ರಲ್ಲಿ 'ಅನಂತನಾಥ ಪುರಾಣ'ವನ್ನೂ ಬರೆದ. ಮೊದಲನೆಯದರಲ್ಲಿ ರಾಣಿ ಅಮೃತಮತಿ ನಸುಕಿನಲ್ಲಿ ತೇಲಿಬಂದ ಹಾಡೊಂದಕ್ಕೆ ಸೋತು, ಮುಖವನ್ನೂ ನೋಡದೆ, ಕುರೂಪಿ ಮಾವುತನಿಗೆ ಮನಸ್ಸು ಕೊಡುತ್ತಾಳೆ. ತಡವಾಗಿ ಬಂದಳೆಂದು ಅವನು ಹೊಡೆದರೂ ಸಹಿಸುತ್ತಾಳೆ. ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಎರಡನೆಯದರಲ್ಲಿ ಚಂಡಶಾಸನ ತನ್ನ ಗೆಳೆಯ ವಸುಷೇಣನ ಹೆಂಡತಿ ಸುನಂದೆಯನ್ನು ಹೊತ್ತೊಯ್ಯುತ್ತಾನೆ. ಅವಳು ಒಲಿಯದಿದ್ದಾಗ ಗಂಡನ ತಲೆಯೆಂದು ಸುಳ್ಳು ತಲೆಯೊಂದನ್ನು ತೋರಿಸುತ್ತಾನೆ. ಅವಳು ಅಲ್ಲೇ ಪ್ರಾಣ ಬಿಡುತ್ತಾಳೆ. ಅವನೂ ಅವಳ ಚಿತೆಯೇರಿ ಸುಟ್ಟುಹೋಗುತ್ತಾನೆ.

ಚಂಡಶಾಸನ ಪ್ರಾಣವನ್ನೇ ಕೊಟ್ಟನಲ್ಲ, ಅದು ಪ್ರೀತಿಯಲ್ಲವೇ ಎಂದು ತರಗತಿಗಳಲ್ಲಿ ಇವತ್ತಿಗೂ ವಾದ ನಡೆಯುತ್ತದೆ. ಪ್ರಾಣ ಕೊಡುವುದರಿಂದ ಏನೂ ರುಜುವಾತಾಗುವುದಿಲ್ಲ. ಸುನಂದೆಗೆ ಏನು ಬೇಕಿತ್ತೆಂದು ಅವನು ಒಂದು ಗಳಿಗೆಯೂ ಕೇಳಲಿಲ್ಲ. ಚಿತೆಯ ಮೇಲೂ ಅವನು ಅವಳನ್ನು ಒಬ್ಬಳೇ ಇರಗೊಡಲಿಲ್ಲ.

ಪಂಪ ಕಂಡ ದಾರಿ

ಜನ್ನನಿಗಿಂತ ಮೂರು ಶತಮಾನ ಹಿಂದಿನ ಪಂಪನಲ್ಲಿ ಇದರ ಇನ್ನೊಂದು ಮುಖವಿದೆ. 941ರಲ್ಲಿ ಬರೆದ 'ಆದಿಪುರಾಣ' ವೈರಾಗ್ಯದ ಕಾವ್ಯ; ನೀಲಾಂಜನೆಯ ನೃತ್ಯವೇ ಅದರ ಶಿಖರ ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಅದರ ಒಡಲಲ್ಲಿ ಹಲವು ಜನ್ಮಗಳಿಗೆ ಹಬ್ಬಿದ ಪ್ರೇಮಕಥೆಯೊಂದಿದೆ. ಕನ್ನಡದಲ್ಲಿ ಪ್ರೀತಿಯನ್ನು ಕುರಿತ ಅತ್ಯಂತ ಆಳವಾದ ಕಥೆ ಅದೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ದೇವಲೋಕದ ಲಲಿತಾಂಗನಿಗೂ ಸ್ವಯಂಪ್ರಭೆಗೂ ಬಿಡದ ಒಲವು. ಒಂದು ದಿನ ಲಲಿತಾಂಗನ ಕೊರಳ ಮಾಲೆ ಬಾಡುತ್ತದೆ. ದೇವತೆಗಳಿಗೆ ಅದು ಆಯುಷ್ಯ ತೀರಿದ ಸೂಚನೆ. ಅವನು ಹೋಗುತ್ತಾನೆ, ಅವಳೂ ಹೋಗುತ್ತಾಳೆ. ಭೂಮಿಯಲ್ಲಿ ಅವನು ವಜ್ರಜಂಘನಾಗಿ, ಅವಳು ಚಕ್ರವರ್ತಿಯ ಮಗಳು ಶ್ರೀಮತಿಯಾಗಿ ಹುಟ್ಟುತ್ತಾರೆ. ದೇವತೆಗಳು ಬಂದದ್ದನ್ನು ಕಂಡು ಶ್ರೀಮತಿ ಹಳೆಯ ಜನ್ಮ ನೆನಪಾಗಿ ಮೂರ್ಛೆ ಹೋಗುತ್ತಾಳೆ. ಎಚ್ಚೆತ್ತ ಮೇಲೆ ಮಾತಾಡುವುದಿಲ್ಲ. ನೆನಪಾದದ್ದನ್ನೆಲ್ಲ ಪಟದ ಮೇಲೆ ಚಿತ್ರವಾಗಿ ಬರೆಯುತ್ತಾಳೆ. ಅವಳ ದಾದಿ ಆ ಪಟವನ್ನು ಬಸದಿಗೆ ಒಯ್ದು, ನೋಡಿ ಗುರುತು ಹಿಡಿಯುವವರಿಗಾಗಿ ಕಾಯುತ್ತಾಳೆ. ವಜ್ರಜಂಘ ಬಂದು ನೋಡಿ ಗುರುತಿಸುತ್ತಾನೆ. ಮದುವೆಯಾಗುತ್ತದೆ.

ಬಹಳಷ್ಟು ಕವಿಗಳು ಇಲ್ಲಿಗೆ ಶುಭಂ ಬರೆಯುತ್ತಿದ್ದರು. ಪಂಪ ಬರೆಯಲಿಲ್ಲ. ಒಂದು ರಾತ್ರಿ ಮಲಗುವ ಕೋಣೆಯಲ್ಲಿ ಧೂಪ ಹಾಕಿದ ಸೇವಕರು ಗವಾಕ್ಷ ತೆರೆಯುವುದನ್ನು ಮರೆಯುತ್ತಾರೆ. ಹೊಗೆ ತುಂಬಿ, ಅಪ್ಪಿಕೊಂಡ ತೋಳು ಅಪ್ಪಿಕೊಂಡಂತೆಯೇ ಇಬ್ಬರೂ ಸಾಯುತ್ತಾರೆ. ಸುಖಕ್ಕೆಂದು ಹಾಕಿದ ಹೊಗೆಯೇ ಸಾವಾಯಿತು. ಬೆಸೆದು ಒಂದಾಗಬೇಕೆಂಬ ಆಸೆಗೆ ಇದಕ್ಕಿಂತ ಪೂರ್ಣವಾದ ಚಿತ್ರ ಬೇಕೇ? ಕಿಟಕಿಯಿಲ್ಲದ ಕೋಣೆಯಲ್ಲಿ ಪ್ರೀತಿಗೂ ಉಸಿರು ಕಟ್ಟುತ್ತದೆ.

ಕಥೆ ಇನ್ನೂ ಮುಗಿದಿಲ್ಲ. ಆ ಜೀವಗಳು ಜನ್ಮ ಜನ್ಮ ದಾಟಿ ಬರುತ್ತವೆ. ವಜ್ರಜಂಘನ ಜೀವ ಮೊದಲ ತೀರ್ಥಂಕರ ಆದಿನಾಥನಾಗುತ್ತದೆ. ರಾಜ್ಯ ಬಿಟ್ಟು ತಪಸ್ಸಿಗೆ ನಿಂತ ಆದಿನಾಥ ತಿಂಗಳುಗಟ್ಟಲೆ ಉಪವಾಸದ ನಂತರ ಆಹಾರಕ್ಕಾಗಿ ಊರೂರು ನಡೆಯುತ್ತಾನೆ. ಬಾಯಿ ಬಿಟ್ಟು ಕೇಳುವಂತಿಲ್ಲ. ಜನಕ್ಕೆ ಭಕ್ತಿಯಿದೆ, ತಿಳಿವಳಿಕೆಯಿಲ್ಲ. ರತ್ನ ತರುತ್ತಾರೆ, ವಸ್ತ್ರ ತರುತ್ತಾರೆ, ಆನೆ ಕುದುರೆ ತರುತ್ತಾರೆ, ಕನ್ಯೆಯರನ್ನು ತರುತ್ತಾರೆ. ಹಸಿದವನಿಗೆ ಊಟ ಬೇಕು ಎಂದು ಒಬ್ಬರಿಗೂ ಹೊಳೆಯುವುದಿಲ್ಲ.

ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನೆಂಬ ರಾಜಕುಮಾರ ಅವನನ್ನು ನೋಡುತ್ತಾನೆ. ನೋಡಿದ ಕ್ಷಣವೇ ಹಿಂದಿನದೆಲ್ಲ ನೆನಪಾಗುತ್ತದೆ. ತಾನು ಹಿಂದೊಮ್ಮೆ ಶ್ರೀಮತಿಯಾಗಿದ್ದೆ, ವಜ್ರಜಂಘನ ಜೊತೆ ನಿಂತು ಮುನಿಗಳಿಗೆ ಆಹಾರ ಕೊಟ್ಟಿದ್ದೆ ಎಂದು. ಅವನು ಕಬ್ಬಿನ ಹಾಲು ತಂದು ಅಂಗೈಗೆ ಎರೆಯುತ್ತಾನೆ. ಜೈನರು ಅಕ್ಷಯ ತದಿಗೆಯಂದು ಇಂದಿಗೂ ನೆನೆಯುವ ಪಾರಣೆ ಅದು.

ಈಗ ಅಲ್ಲಿ ಗಂಡ ಹೆಂಡತಿ ಇಲ್ಲ. ಅಪ್ಪುಗೆಯಿಲ್ಲ, ಹಕ್ಕಿಲ್ಲ, ಪಡೆದುಕೊಳ್ಳುವ ಆಸೆಯಿಲ್ಲ. ಒಬ್ಬ ಸನ್ಯಾಸಿ, ಒಬ್ಬ ರಾಜಕುಮಾರ. ಉಳಿದದ್ದು ಒಂದೇ: ಲೋಕದಲ್ಲಿ ಯಾರಿಗೂ ತಿಳಿಯದ ಅವನ ಹಸಿವು ಆ ಒಂದು ಜೀವಕ್ಕೆ ತಿಳಿಯಿತು. ಎದುರಿನವರಿಗೆ ಏನು ಬೇಕೆಂದು ಅರಿತು ಅದನ್ನು ಕೊಡುವುದು ಪ್ರೀತಿ. ನನಗೆ ಗೊತ್ತಿರುವ ವ್ಯಾಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. 1956ರಲ್ಲಿ ಬಂದ 'ದಿ ಆರ್ಟ್ ಆಫ್ ಲವಿಂಗ್' ಪುಸ್ತಕದಲ್ಲಿ ಮನೋವಿಜ್ಞಾನಿ ಎರಿಕ್ ಫ್ರಾಮ್ ಪ್ರೀತಿಗೆ ಆರೈಕೆ, ಹೊಣೆ, ಗೌರವ, ಅರಿವು ಎಂಬ ನಾಲ್ಕು ಅಂಗಗಳನ್ನು ಎಣಿಸಿದ. ನಾಲ್ಕೂ ಆ ಒಂದು ಬೊಗಸೆ ಕಬ್ಬಿನ ಹಾಲಿನಲ್ಲಿವೆ.

ಯಾಜ್ಞವಲ್ಕ್ಯನ ಆಕ್ಷೇಪ

ಇದಕ್ಕೆ ಬಲವಾದ ಎದುರುಮಾತೂ ನಮ್ಮಲ್ಲೇ ಇದೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡುವ ಮುನ್ನ ಇಬ್ಬರು ಹೆಂಡತಿಯರಿಗೆ ಆಸ್ತಿ ಹಂಚಲು ನಿಲ್ಲುತ್ತಾನೆ. ಮೈತ್ರೇಯಿ ಆಸ್ತಿ ಬೇಡ, ಅಮರತ್ವದ ತಿಳಿವು ಬೇಕು ಎನ್ನುತ್ತಾಳೆ. ಆಗ ಅವನು ಹೇಳುವುದು ಇದು: ಗಂಡನಾಗಲಿ, ಹೆಂಡತಿಯಾಗಲಿ, ಮಕ್ಕಳಾಗಲಿ ಅವರವರ ಸಲುವಾಗಿ ನಮಗೆ ಪ್ರಿಯರಲ್ಲ, ಎಲ್ಲ ಪ್ರಿಯವಾಗುವುದೂ ಆತ್ಮನ ಸಲುವಾಗಿ.

ಇದನ್ನು ಬರೀ ಸ್ವಾರ್ಥವೆಂದು ಓದುವುದು ತಪ್ಪು. ಎಲ್ಲರೊಳಗೂ ಇರುವ ಒಂದೇ ಆತ್ಮದ ಮಾತು ಅದು. ಆದರೂ ನನ್ನ ಮನಸ್ಸು ಆ ಪ್ರಸಂಗದ ಇನ್ನೊಬ್ಬಳ ಕಡೆಗೆ ಹೋಗುತ್ತದೆ. ಕಾತ್ಯಾಯನಿ ಅಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಅವಳ ಪಾಲಿಗೆ ಮನೆಯಷ್ಟೇ ಬಂತು. ಅವಳಿಗೆ ಏನು ಬೇಕಿತ್ತೆಂದು ಕೇಳಿದವರಿಲ್ಲ.

ಮೊರ ಹಿಡಿದ ದೊಡ್ಡಪ್ಪ

ಪುಸ್ತಕದಲ್ಲಿ ಓದಿದ್ದನ್ನು ಬದುಕಿನಲ್ಲಿ ತಾಳೆ ನೋಡಬೇಕು. ನನಗೆ ಆ ತಾಳೆ ಸಿಕ್ಕಿದ್ದು ನಮ್ಮ ದೊಡ್ಡಪ್ಪ ದೊಡ್ಡಮ್ಮರಲ್ಲಿ. ದಾವಣಗೆರೆ ಹತ್ತಿ ಮಿಲ್ಲುಗಳ ಊರಾಗಿದ್ದ ಕಾಲ ಅದು. ದೊಡ್ಡಪ್ಪ ಮಿಲ್ಲೊಂದರಲ್ಲಿ ಮಗ್ಗದ ವಿಭಾಗದಲ್ಲಿದ್ದರು. ರಾತ್ರಿ ಪಾಳಿ ಮುಗಿಸಿ ಬಂದರೆ ಹುಬ್ಬು, ಕಿವಿ, ಮೀಸೆಗೆಲ್ಲ ಹತ್ತಿಯ ಎಳೆ ಮೆತ್ತಿರುತ್ತಿತ್ತು. ಸಾಲು ಮಗ್ಗಗಳ ಸದ್ದಿನಲ್ಲಿ ವರ್ಷಗಟ್ಟಲೆ ನಿಂತು ಅವರ ಎಡಗಿವಿ ಪೂರಾ ಹೋಯಿತು, ಬಲಗಿವಿ ಅರೆಬರೆ ಉಳಿಯಿತು.

ದೊಡ್ಡಮ್ಮ ಅದನ್ನು ಯಾರಿಗೂ ಹೇಳಿಕೊಂಡು ಓಡಾಡಲಿಲ್ಲ. ಸಂತೆಗೆ ಹೋಗಲಿ, ದುರ್ಗಮ್ಮನ ಗುಡಿಗೆ ಹೋಗಲಿ, ಸುತ್ತಿ ಬಂದಾದರೂ ಅವರ ಬಲಗಡೆಗೇ ಸೇರಿಕೊಳ್ಳುತ್ತಿದ್ದರು. ಅಡುಗೆ ಮನೆಯಿಂದ ಕೂಗುತ್ತಿರಲಿಲ್ಲ. ಸೌಟು ಕೆಳಗಿಟ್ಟು ಪಡಸಾಲೆಗೆ ಬಂದು, ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ "ಏನ್ರಿ, ಊಟಕ್ಕೆ ಏಳ್ರಿ" ಅನ್ನುತ್ತಿದ್ದರು. ನೆಂಟರಿಷ್ಟರ ನಡುವೆ ದೊಡ್ಡಪ್ಪನಿಗೆ ಮಾತು ತಪ್ಪಿಹೋದರೆ ಆಕೆ ಅದೇ ಮಾತನ್ನು ತಾನು ಕೇಳುವ ಪ್ರಶ್ನೆಯೆಂಬಂತೆ ಮತ್ತೆ ಆಡಿಸುತ್ತಿದ್ದರು. ಕಿವುಡ ಅನ್ನುವ ಹೆಸರು ಬರದಂತೆ ಹಾಗೆ ಕಾದರು.

ಇದನ್ನು ಹೇಳಿ ನಾನು ಹಳೆಯ ಕಾಲದ ದಾಂಪತ್ಯಕ್ಕೆ ಆರತಿ ಎತ್ತುತ್ತಿಲ್ಲ. ತವರಿನ ಜಾತ್ರೆಗೆ ಹೋಗಿ ಬರುತ್ತೇನೆ ಅನ್ನಲು ಆಕೆ ವಾರಗಟ್ಟಲೆ ಹೊತ್ತು ನೋಡಬೇಕಿತ್ತು. ಬಹಳ ವರ್ಷ ಅರಿಯುವ ಕೆಲಸವೆಲ್ಲ ಆಕೆಯದೇ, ಅರಿಸಿಕೊಳ್ಳುವ ಸುಖ ದೊಡ್ಡಪ್ಪನದು.

ಅದು ತಿರುಗಿದ್ದು ಆಕೆಯ ಕಣ್ಣು ಮಸುಕಾದ ಮೇಲೆ. ಒಂದು ಬೆಳಿಗ್ಗೆ ದೊಡ್ಡಪ್ಪ ಜಗಲಿಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಮಿಲ್ಲಿನಲ್ಲಿ ನೂಲು ಕೂಡಿಸಿ ಪಳಗಿದ ಬೆರಳು ಒಂದೊಂದೇ ಕಲ್ಲು ಹೆಕ್ಕುತ್ತಿತ್ತು. ಓಣಿಯವರೊಬ್ಬರು ನಿಂತು, "ಏನ್ ಯಜಮಾನ್ರೇ, ಈ ವಯಸ್ಸಿನಾಗ ಮೊರ ಹಿಡದೀರಿ?" ಅಂದರು. ದೊಡ್ಡಪ್ಪ ತಲೆ ಎತ್ತದೆ, "ಅಕಿಗೆ ಕಾಣಂಗಿಲ್ಲಪ್ಪ, ನನಗೆ ಕಾಣತೈತಿ" ಅಂದರು. ಮಾರನೆಯ ದಿನವೂ ಜಗಲಿಯಲ್ಲೇ ಕೂತರು. ಒಳಗೆ ಹೋಗಲಿಲ್ಲ.

ಅವರ ಬಾಯಲ್ಲಿ ಪ್ರೀತಿ ಎಂಬ ಮಾತನ್ನು ನಾನು ಕೇಳಿಲ್ಲ. ಆಡಬೇಕಿತ್ತು ಎಂದೇ ನನಗೆ ಅನ್ನಿಸುತ್ತದೆ. 1942ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' ಬಂದಾಗ ಕನ್ನಡದ ಮನೆಗಳು ಅದನ್ನು ಎದೆಗೆ ಅಪ್ಪಿಕೊಂಡದ್ದು ಇದೇ ಕಾರಣಕ್ಕೆ. ಮಾವನ ಮನೆ, ಬಳೆಗಾರ, ಹೆಂಡತಿಯ ತವರು ಎಂಬ ದಿನನಿತ್ಯದ ಸಂಗತಿಗಳ ಒಳಗೆ ಹೇಳದೆ ಉಳಿದಿದ್ದ ಮಾತನ್ನು ಆ ಕವಿ ಗಂಡ ಹೆಂಡಿರ ಬಾಯಿಗೆ ಕೊಟ್ಟರು.

ಊರು ತೀರ್ಪು ಕೊಡುವಾಗ

ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವ ಹರಿದ್ರಾ ಹೊರಡುವುದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ. ಈಗ ಶಾಂತಿಸಾಗರ ಎಂದು ಕರೆಯುವ ಈ ಕೆರೆ ಚನ್ನಗಿರಿ, ಚಿತ್ರದುರ್ಗದ ಕಡೆಯ ಜನಕ್ಕೆ ಕುಡಿಯುವ ನೀರು ಕೊಡುತ್ತದೆ. ಅದರ ಹುಟ್ಟಿನ ಕಥೆಯನ್ನು ಜನ ಹಲವು ಬಗೆಯಲ್ಲಿ ಹೇಳುತ್ತಾರೆ. ತಿರುಳು ಒಂದೇ. ಅರಸನ ಮಗಳು ಶಾಂತವ್ವನಿಗೆ ಒಂದು ಒಲವಿನ ಸಂಬಂಧದಿಂದ ಅಪವಾದ ಬಂತು. ಕಳಂಕ ಕಳೆಯಲು ಅವಳು ಕೆರೆ ಕಟ್ಟಿಸಲು ಹೊರಟಳು. ಕಟ್ಟಬೇಕಾದ ಜಾಗ ವೇಶ್ಯೆಯರದಾಗಿತ್ತು. ಕೆರೆಗೆ ತಮ್ಮ ಹೆಸರಿಡಬೇಕೆಂಬ ಷರತ್ತಿನ ಮೇಲೆ ಅವರು ನೆಲ ಬಿಟ್ಟುಕೊಟ್ಟರು.

ಒಲಿದವರು ಇಬ್ಬರು, ಕೆರೆ ಕಟ್ಟಿಸಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾದವಳು ಒಬ್ಬಳು. ಸಾವಿರಾರು ಜನ ಆ ನೀರು ಕುಡಿದರು, ಅವಳ ಮೇಲಿನ ಮಾತು ನಿಲ್ಲಲಿಲ್ಲ.

12ನೇ ಶತಮಾನದ ಕಲ್ಯಾಣದಲ್ಲಿ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಮದುವೆಯಾಯಿತೆಂದು, ಅದಕ್ಕಾಗಿ ತಂದೆಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ತಂದೆಯರ ಹೆಸರು ನಮಗೆಲ್ಲ ಕಂಠಪಾಠ. ಮದುವೆಯಾದ ಮಕ್ಕಳ ಹೆಸರನ್ನು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವರಿಬ್ಬರ ಮನಸ್ಸಿನಲ್ಲಿ ಏನಿತ್ತು ಎಂಬುದು ದೊಡ್ಡವರ ಕಥೆಯ ಅಡಿಯಲ್ಲಿ ಹೂತುಹೋಗಿದೆ. ಅದೇ ಶತಮಾನದಲ್ಲಿ ಉಡುತಡಿಯ ಮಹಾದೇವಿ ಮಾತ್ರ ತನ್ನ ಮನಸ್ಸನ್ನು ತಾನೇ ಹೇಳಿದಳು. ಅರಸನನ್ನೂ ಅರಮನೆಯನ್ನೂ ಬಿಟ್ಟು, ತಾನು ಯಾರನ್ನು ಒಲಿಯಬೇಕೆಂಬುದು ತನ್ನ ಆಯ್ಕೆ ಎಂದು ನಡೆದಳು.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ಗುತ್ತಿ ತಾನು ಮೆಚ್ಚಿದ ತಿಮ್ಮಿಯನ್ನು ಕರೆದುಕೊಂಡು ಓಡುತ್ತಾನೆ. ಮುಕುಂದಯ್ಯ, ಚಿನ್ನಮ್ಮ, ಐತ, ಪೀಂಚಲು ಇವರೂ ಊರಿನ ತೀರ್ಪಿಗೆ ಎದುರಾಗಿ ನಡೆದವರೇ. ಕೊನೆಯಲ್ಲಿ ತುಂಬಿ ಹರಿಯುವ ತುಂಗೆಯನ್ನು ದಾಟುವಾಗ ಗುತ್ತಿಯ ನಾಯಿ ಹುಲಿಯ ನೀರುಪಾಲಾಗುತ್ತದೆ. ಇಡೀ ಕಾದಂಬರಿಯಲ್ಲಿ ಗುತ್ತಿಯ ಹೆಜ್ಜೆಗೆ ಹೆಜ್ಜೆ ಹಾಕಿ ಬಂದ ಜೀವ ಅದು. ಆ ತುಂಗೆಯೇ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ ಹರಿಹರಕ್ಕೆ ಬರುತ್ತದೆ. ಸೇತುವೆಯ ಮೇಲೆ ನಿಂತಾಗ ಹುಲಿಯ ನೆನಪಾಗದೆ ಇರುವುದಿಲ್ಲ.

ಬರೆಯುವುದಷ್ಟೇ ಅಲ್ಲ, ಕುವೆಂಪು ತಮ್ಮ ಮನೆಯಲ್ಲೂ ಹಾಗೆಯೇ ನಡೆದುಕೊಂಡರು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿ ತಾವು ಮೆಚ್ಚಿದ ರಾಜೇಶ್ವರಿಯವರನ್ನು ಮದುವೆಯಾದಾಗ ಪುರೋಹಿತರಿಲ್ಲದ, ವರದಕ್ಷಿಣೆಯಿಲ್ಲದ, ಆಡಂಬರವಿಲ್ಲದ ಮಂತ್ರಮಾಂಗಲ್ಯ ನಡೆಯಿತು. ಕರ್ನಾಟಕದಲ್ಲಿ ಇಂದಿಗೂ ಜೋಡಿಗಳು ಆ ಕ್ರಮದಲ್ಲಿ ಮದುವೆಯಾಗುತ್ತಿದ್ದಾರೆ.

ಮೂರು ರುಜು

ಕಾನೂನಿಗೆ ಪ್ರೀತಿಯ ವ್ಯಾಖ್ಯೆ ಬೇಕಿಲ್ಲ, ಒಪ್ಪಿಗೆ ಬೇಕು. ಜಾತಿ, ಧರ್ಮ ಯಾವುದೇ ಇರಲಿ, 21 ತುಂಬಿದ ಗಂಡು, 18 ತುಂಬಿದ ಹೆಣ್ಣು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬಹುದು. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು. ವಿವಾಹಾಧಿಕಾರಿಗೆ ಕೊಟ್ಟ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಹಚ್ಚುತ್ತಾರೆ. 30 ದಿನದೊಳಗೆ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಆದರೆ ವಯಸ್ಸು ಸಾಲದು, ಮೊದಲ ಸಂಗಾತಿ ಬದುಕಿದ್ದಾರೆ, ನಿಷಿದ್ಧ ರಕ್ತಸಂಬಂಧವಿದೆ ಎಂಬಂಥ ಕಾಯ್ದೆ ಹೇಳಿದ ಕಾರಣಗಳಿಗೆ ಮಾತ್ರ ಬೆಲೆ. ನಮ್ಮ ಜಾತಿಯವನಲ್ಲ ಎಂಬುದು ಆಕ್ಷೇಪವೇ ಅಲ್ಲ.

ಗೋಡೆಗೆ ಹಚ್ಚಿದ ಆ ಕಾಗದ ಕಾನೂನಿನ ಮಟ್ಟಿಗೆ ಸಣ್ಣ ವಿಧಿ. ಮನೆಯವರಿಗೆ ಹೆದರಿ ಬಂದ ಹುಡುಗಿಗೆ ಅದು ಎಣಿಸಿ ಎಣಿಸಿ ಕಳೆಯುವ ಒಂದು ತಿಂಗಳು. ಪ್ರಾಯಕ್ಕೆ ಬಂದವರು ಸಂಗಾತಿಯನ್ನು ಆರಿಸಿಕೊಳ್ಳುವುದು ಅವರ ಹಕ್ಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ, ಕರ್ನಾಟಕ ಹೈಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿವೆ. ಹೇಳಿದ ಮೇಲೂ ಅಪ್ಪ ಅಮ್ಮ, ಊರಿನ ಹಿರಿಯರು, ಓಣಿಯವರು ಏನು ಮಾಡುತ್ತಾರೆ ಎಂಬುದರ ಮೇಲೆಯೇ ಎರಡು ಜೀವಗಳ ಕ್ಷೇಮ ನಿಂತಿದೆ.

ಅವಧಿ ಮುಗಿದ ಮೇಲೆ ಜೋಡಿ ಅಧಿಕಾರಿಯ ಎದುರು ಒಬ್ಬರನ್ನೊಬ್ಬರು ಒಪ್ಪಿಕೊಂಡೆವೆಂದು ಹೇಳಬೇಕು. ಇಬ್ಬರಿಗೂ ತಿಳಿಯುವ ಯಾವ ಭಾಷೆಯಲ್ಲಾದರೂ ಹೇಳಬಹುದು ಎನ್ನುತ್ತದೆ ಕಾಯ್ದೆ. ಜೊತೆಗೆ ಮೂವರು ಸಾಕ್ಷಿಗಳ ರುಜು ಬೇಕು. ಎಷ್ಟೋ ಜೋಡಿಗಳಿಗೆ ವಯಸ್ಸಿನ ದಾಖಲೆ ಸಿಗುತ್ತದೆ, ವಿಳಾಸದ ದಾಖಲೆ ಸಿಗುತ್ತದೆ, ಈ ಮೂವರು ಸಿಗುವುದಿಲ್ಲ. ಗೆಳೆಯರು ಫೋನ್ ತೆಗೆಯುವುದಿಲ್ಲ. ನೆಂಟರು ಊರಲ್ಲಿಲ್ಲ ಎನ್ನುತ್ತಾರೆ. ನಿಮಗೆ ಗೊತ್ತಿರುವ ಹುಡುಗ ಹುಡುಗಿ, ಪ್ರಾಯಕ್ಕೆ ಬಂದವರು, ಇಬ್ಬರೂ ಮನಸಾರೆ ಒಪ್ಪಿದವರು, ಯಾವತ್ತಾದರೂ ಬಂದು ಸಾಕ್ಷಿಗೆ ಕರೆದರೆ ಇಲ್ಲವೆನ್ನಬೇಡಿ. ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿ. ಒಪ್ಪಿಗೆ ನಿಜವೆನ್ನಿಸಿದರೆ ಆಧಾರ್ ಕಾರ್ಡ್ ತೆಗೆದುಕೊಂಡು ಹೋಗಿ ರುಜು ಹಾಕಿ ಬನ್ನಿ.